ಬೇಯಿಸಿದ ನೀರು ಚೆಲ್ಲಿ ಅಂದ್ರೆ ಚೆಲ್ಲಿ

ಕಿಡ್ನಿ ಸೋತವರ ಮನೆಗೆ ಎಳನೀರು ಹಿಡಿದುಕೊಂಡು ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ಯಜಮಾನರಿಗೆ ರಕ್ತದಲ್ಲಿ ಪೊಟ್ಯಾಸಿಯಂ 5 ದಾಟಿದೆ, ಇಳಿಸಬೇಕು ಅಂತ ಡಾಕ್ಟರು ಹೇಳಿದ್ದಾರೆ. ನೋಡಲು ಬಂದವರ ಕೈಯಲ್ಲೆಲ್ಲ ಎಳನೀರು, ಬಾಳೆಹಣ್ಣು. ಎರಡರಲ್ಲೂ ಇರುವುದು ಅದೇ ಪೊಟ್ಯಾಸಿಯಂ, ಸೋತ ಕಿಡ್ನಿಗೆ ಅದನ್ನು ಸರಿಯಾಗಿ ಹೊರಹಾಕಲು ಆಗುವುದಿಲ್ಲ! ಇನ್ನು ಕೆಲವರು ಬಾಳೆದಿಂಡಿನ ರಸ ಕುಡಿಸಿ, ಹುರುಳಿ ಕಟ್ಟು ಕುಡಿಸಿ ಅನ್ನುತ್ತಾರೆ. ಅದು ಕಲ್ಲಿಗೆ ಊರವರು ಹೇಳುವ ಮದ್ದು ಮಾರಾಯ್ರೇ. ಕಲ್ಲಾಗುವುದೇ ಬೇರೆ, ಕಿಡ್ನಿ ಕೆಲಸ ನಿಲ್ಲಿಸುವುದೇ ಬೇರೆ.

ಈಗ ತರಕಾರಿ ವಿಷಯ. ಮೊನ್ನೆ ತಂಗಿಯ ಮಗಳು ಯಜಮಾನರಿಗೆಂದು ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಕುಕ್ಕರಿಗೆ ಹಾಕಿದಳು. ನೀರಲ್ಲೇ ಸತ್ವ ಇರುವುದಲ್ವಾ ದೊಡ್ಡಮ್ಮ, ಸುಮ್ನೆ ಯಾಕೆ ಚೆಲ್ಲುವುದು ಅಂತ ನನಗೇ ಪಾಠ. ಹೌದು ಕಣೇ, ಸತ್ವ ಇರುವುದಕ್ಕೇ ಚೆಲ್ಲಬೇಕು. ತರಕಾರಿಯ ಪೊಟ್ಯಾಸಿಯಂ ಇಳಿಯುವುದೂ ಆ ನೀರಿಗೇ.

ನಾನು ಮಾಡುವುದು ಹೀಗೆ. ಸಿಪ್ಪೆ ಪೂರ್ತಿ ತೆಗೆಯಬೇಕು. ಹೋಳು ತೆಳ್ಳಗಿರಬೇಕು, ಬೆಳಕಿಗೆ ಹಿಡಿದರೆ ಆಚೆಕಡೆ ಮಸುಕಾಗಿ ಕಾಣುವಷ್ಟು. ದಪ್ಪ ಹೋಳಾದರೆ ಒಳಗಿನದು ಒಳಗೇ ಉಳಿಯುತ್ತದೆ. ಮೆಟ್ಟುಗತ್ತಿಯಲ್ಲಿ, ಅಂದರೆ ಈಳಿಗೆಮಣೆಯಲ್ಲಿ, ಹೆಚ್ಚಿದರೆ ಇದು ಸಲೀಸು. ಅಂದಹಾಗೆ ಮೆಟ್ಟುಗತ್ತಿಯನ್ನು ತೊಳೆದು ಹಾಗೇ ಗೋಡೆಗೆ ಒರಗಿಸಿ ಹೋಗುತ್ತೀರಲ್ಲ, ಒಣ ಬಟ್ಟೆಯಲ್ಲಿ ಒರೆಸಿಡಿ, ತುಕ್ಕು ಹಿಡಿಯುತ್ತದೆ. ಹೋಳನ್ನು ದೊಡ್ಡ ಪಾತ್ರೆಗೆ ಹಾಕಿ, ಕೈ ಅದ್ದಿದರೆ ಹಿತವೆನಿಸುವಷ್ಟು ಬಿಸಿನೀರು ಧಾರಾಳವಾಗಿ ಹೊಯ್ಯಿರಿ. ಹೋಳು ಈಜಾಡಬೇಕು. ಬೆಳಗಿನ ಕಾಫಿ ಮುಗಿಸಿ ನೆನೆಹಾಕಿದರೆ ಅಡುಗೆ ಹೊತ್ತಿಗೆ ಸರಿಯಾಗುತ್ತದೆ. ನಡುವೆ ಒಮ್ಮೆ ನೀರು ಬದಲಿಸಿ. ಆಮೇಲೆ ಬಸಿದು, ತೊಳೆದು, ಮತ್ತೆ ಹೊಸ ನೀರು ತುಂಬ ಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸಿ. ಆ ನೀರನ್ನೂ ಬಸಿದು ಚೆಲ್ಲಿ. ಸಾರಿಗೂ ಬೇಡ, ಹಿಟ್ಟು ಕಲಸಲೂ ಬೇಡ. ನಮ್ಮ ಅತ್ತೆ ಸುವರ್ಣಗಡ್ಡೆಯ ತುರಿಕೆ ತೆಗೆಯಲು ಬೇಯಿಸಿದ ನೀರನ್ನು ಬಸಿಯುತ್ತಿದ್ದರು, ಒಂದು ತೊಟ್ಟು ಉಳಿದರೂ ಬೈಗುಳ. ಉಳಿದ ತರಕಾರಿಯ ನೀರೆಲ್ಲ ದನಗಳ ಅಕ್ಕಚ್ಚಿನ ಬಾನಿಗೆ ಹೋಗುತ್ತಿತ್ತು. ಈಗ ಕೊಟ್ಟಿಗೆ ಖಾಲಿ, ನಾನು ಆರಿಸಿ ಕರಿಬೇವಿನ ಬುಡಕ್ಕೆ ಹಾಕುತ್ತೇನೆ.

ಇಷ್ಟು ಮಾಡಿದರೂ ಪೂರ್ತಿ ಹೋಗುವುದಿಲ್ಲ. ಬಡಿಸುವುದು ಸಣ್ಣ ಸೌಟಿನಲ್ಲೇ. ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಸರಿಯಾಗಿದ್ದವರಿಗೆ ಈ ಗೋಳು ಬೇಕಿಲ್ಲ, ಡಾಕ್ಟರನ್ನು ಕೇಳಿ. ಸೋರೆ, ಹೀರೆ, ಎಲೆಕೋಸು ಆಲೂಗಡ್ಡೆಯಷ್ಟು ಕಾಟ ಕೊಡುವುದಿಲ್ಲ.

ಉಪ್ಪು ಕಡಿಮೆ ಅಂದಾಕ್ಷಣ ಅಂಗಡಿಯ ಲೋ ಸೋಡಿಯಂ ಉಪ್ಪು ತರುತ್ತೀರಿ. ಪ್ಯಾಕೆಟ್ಟಿನ ಹಿಂದೆ ಓದಿದಿರಾ? ಸೋಡಿಯಂ ಕಡಿಮೆ ಮಾಡಿ ಅದರ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ತುಂಬಿರುತ್ತಾರೆ! ಮಾಮೂಲಿ ಉಪ್ಪನ್ನೇ ಚಿಟಿಕೆ ಲೆಕ್ಕದಲ್ಲಿ ಹಾಕಿ. ಇಂಗಿನ ಒಗ್ಗರಣೆ ಕೊಟ್ಟು, ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿದರೆ ಸಪ್ಪೆ ಅನಿಸುವುದಿಲ್ಲ. ಹಪ್ಪಳ, ಸಂಡಿಗೆ ಕೇಳಲೇಬೇಡಿ.

ಮಾತ್ರೆಯದೂ ಅದೇ ಕಥೆ. ಡಬ್ಬಿಯಲ್ಲಿ ಜೋಡಿಸಿಟ್ಟು ಬೆಳಿಗ್ಗೆ ಎಲ್ಲ ಒಟ್ಟಿಗೆ ನುಂಗಿಸಿದರೆ ಮುಗಿಯಿತೇ? ರಂಜಕ (ಡಾಕ್ಟರು ಫಾಸ್ಫರಸ್ ಅನ್ನುವುದು) ಕಡಿಮೆ ಮಾಡುವ ಮಾತ್ರೆ ಊಟದ ಜೊತೆಗೇ ಹೊಟ್ಟೆಗೆ ಹೋಗಬೇಕು. ಅದು ಅನ್ನದೊಳಗಿನ ರಂಜಕವನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ. ಕೈ ತೊಳೆದು ಎಷ್ಟೋ ಹೊತ್ತಾದ ಮೇಲೆ ಕೊಟ್ಟರೆ ದುಡ್ಡು ದಂಡ. ನಾನು ಎಲೆಯ ತುದಿಯಲ್ಲಿ ಉಪ್ಪಿನಕಾಯಿ ಬಡಿಸುತ್ತಿದ್ದ ಜಾಗದಲ್ಲೇ ಆ ಮಾತ್ರೆ ಇಡುತ್ತೇನೆ. ಮುಖ ಹುಳಿ ಮಾಡುತ್ತಾರೆ, ಆದರೆ ಮರೆಯುವುದಿಲ್ಲ. ಕೆಲವು ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ, ಹಾಗಂತ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಮಂಡಿನೋವು ಅಂತ ಮೆಡಿಕಲ್ ಶಾಪಿನಿಂದ ನೀವಾಗಿಯೇ ನೋವಿನ ಮಾತ್ರೆ ತಂದು ಕೊಡುವ ಚಾಳಿ ಮೊದಲು ಬಿಡಿ. ಉಳಿದಿರುವ ಕಿಡ್ನಿಯನ್ನೂ ಅದು ತಿನ್ನುತ್ತದೆ.

ನಮ್ಮ ಮಲೆನಾಡಿನವರಿಗೆ ಇನ್ನೊಂದು ಮಾತು. ದಾರೆಹುಳಿ (ಪೇಟೆಯವರ ಸ್ಟಾರ್ ಫ್ರೂಟ್) ಹಣ್ಣನ್ನು ಇಂಥವರಿಗೆ ನೆನೆಸಿಯೂ ಬೇಡ, ಬೇಯಿಸಿಯೂ ಬೇಡ. ಕಿಡ್ನಿ ಸೋತವರಲ್ಲಿ ಅದರ ವಿಷ ಹೊರಗೆ ಹೋಗದೆ ತಲೆಗೇರುತ್ತದೆ. ಬಿಕ್ಕಳಿಕೆ ಶುರುವಾಗಿ, ಬುದ್ಧಿ ಮಂಕಾಗಿ, ಫಿಟ್ಸ್‌ವರೆಗೂ ಹೋಗಬಹುದು. ಮರ ಹಿತ್ತಿಲಲ್ಲಿದ್ದರೆ ಇರಲಿ, ಗೊಜ್ಜು ಮಾಡಿಕೊಂಡು ಉಳಿದವರು ತಿನ್ನಿ.