ಒಳ್ಳೆಯವರ ಚರ್ಚ್ ಕಟ್ಟುವುದು ಹೇಗೆ?

ಫ್ಯಾಂಟಸಿ ಕಥೆ ಬರೆಯುವವರಿಗಾಗಲಿ, ಡಂಜನ್ಸ್ ಅಂಡ್ ಡ್ರಾಗನ್ಸ್‌ನಂಥ , ಮೇಜಿನ ಸುತ್ತ ಕೂತು ಪಾತ್ರಗಳಾಗಿ ಕಥೆ ಕಟ್ಟುವ ಆಟ ಆಡಿಸುವವರಿಗಾಗಲಿ ದುಷ್ಟರ ಪಂಥವೊಂದನ್ನು ಕಟ್ಟುವುದು ಸಲೀಸು. ಒಂದು ಗುಹೆ, ಒಂದು ಬಲಿಪೀಠ, ನಾಲ್ಕು ಕಪ್ಪು ನಿಲುವಂಗಿ ಇದ್ದರೆ ಕೆಲಸ ಮುಗಿಯಿತು. ಒಳ್ಳೆಯವರ ಚರ್ಚ್ ಮಾತ್ರ ಎಷ್ಟೋ ಸಲ ಔಷಧಿ ಅಂಗಡಿಯಾಗಿಬಿಡುತ್ತದೆ. ಆಟಗಾರರು ಬರುತ್ತಾರೆ, ಚಿನ್ನದ ನಾಣ್ಯ ಎಣಿಸುತ್ತಾರೆ, ಗಾಯ ವಾಸಿ ಮಾಡಿಸಿಕೊಂಡು ಹೊರಡುತ್ತಾರೆ. ಅಲ್ಲಿನ ಪಾದ್ರಿ ಏನನ್ನು ನಂಬುತ್ತಾನೆ ಎಂದು ಒಬ್ಬರೂ ಕೇಳುವುದಿಲ್ಲ.

ಇದಕ್ಕೆ ಕಾರಣವಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೂಲ ಆಟದಲ್ಲಿ ಪಾತ್ರಗಳಿಗೆ ಇದ್ದದ್ದು ಮೂರೇ ಪಕ್ಷ: ವ್ಯವಸ್ಥೆ, ತಟಸ್ಥ, ಅವ್ಯವಸ್ಥೆ. ಒಳಿತು ಕೆಡುಕುಗಳ ಗೆರೆ ಸೇರಿದ್ದು ಕೆಲವು ವರ್ಷಗಳ ನಂತರ. ಹಾಗೆ ಹುಟ್ಟಿದ ಒಂಬತ್ತು ಮನೆಗಳ ಅಲೈನ್‌ಮೆಂಟ್, ಅಂದರೆ ಪಾತ್ರದ ನೈತಿಕ ನಿಲುವಿನ, ಕೋಷ್ಟಕವನ್ನೇ ಇಂದಿಗೂ ಬಳಸುತ್ತೇವೆ. ಆದರೆ 'ಒಳ್ಳೆಯದು' ಎಂಬ ಮನೆಗೆ ಗುರುತು ಹಾಕಿದ ಮಾತ್ರಕ್ಕೆ ಚರ್ಚ್ ಎದ್ದು ನಿಲ್ಲುವುದಿಲ್ಲ. ಅದನ್ನು ಬುಡದಿಂದ ಕಟ್ಟಬೇಕು. ಕಟ್ಟುವ ಬಗೆ ಹೀಗೆ.

1. ದೇವರನ್ನು ಬಿಡಿ, ಅಪಾಯವನ್ನು ಹುಡುಕಿ

ಹೆಚ್ಚಿನವರು ದೇವರ ಹೆಸರು, ಲಾಂಛನ, ನಿಲುವಂಗಿಯ ಬಣ್ಣದಿಂದ ಶುರು ಮಾಡುತ್ತಾರೆ. ಅವೆಲ್ಲ ಕೊನೆಗೆ ಬರಲಿ. ಈ ಜನ ಯಾವುದರ ವಿರುದ್ಧ ಒಟ್ಟಾದರು ಎಂಬುದು ಮೊದಲು ಗೊತ್ತಾಗಬೇಕು.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಮಾದರಿ ಸಿಲ್ವರ್ ಫ್ಲೇಮ್, ಅಂದರೆ ಬೆಳ್ಳಿಜ್ವಾಲೆಯ ಚರ್ಚ್. ಕೀತ್ ಬೇಕರ್ ಕಲ್ಪಿಸಿದ, 2004ರಲ್ಲಿ ಪ್ರಕಟವಾದ, ಇದೇ ಆಟದ ಎಬೆರಾನ್ ಲೋಕದ್ದು ಅದು. ಜ್ವಾಲೆ ಅಲ್ಲಿ ಒಬ್ಬ ದೇವರಲ್ಲ, ಒಂದು ಶಕ್ತಿ. ಬಹಳ ಹಿಂದೆ ರಾಕ್ಷಸ ದೊರೆಗಳನ್ನು ಕಟ್ಟಿಹಾಕಲು ಕೋವಾಟಲ್ ಎಂಬ ರೆಕ್ಕೆಯುಳ್ಳ ಸರ್ಪಗಳು ಪ್ರಾಣ ಕೊಟ್ಟವು. ಆ ತ್ಯಾಗದಿಂದ ಜ್ವಾಲೆ ಹುಟ್ಟಿತು. ಆ ಲೋಕದ 299ನೇ ವರ್ಷದಲ್ಲಿ ಬೆಲ್ ಶಲೋರ್ ಎಂಬ ರಾಕ್ಷಸ ಬಿಡಿಸಿಕೊಂಡು ಎದ್ದಾಗ, ಟೀರಾ ಮಿರಾನ್ ಎಂಬ ಯೋಧೆ ತನ್ನನ್ನೇ ಅರ್ಪಿಸಿ ಅವನನ್ನು ಮತ್ತೆ ಬಂಧಿಸಿದಳು. ಚರ್ಚ್ ಶುರುವಾದದ್ದು ಅಲ್ಲಿಂದ. ಇಂದಿಗೂ ಅವಳು ಜ್ವಾಲೆಯ ದನಿಯಾಗಿ ಭಕ್ತರಿಗೆ ದಾರಿ ತೋರುತ್ತಾಳೆ. ಅದೇ ಜ್ವಾಲೆಯೊಳಗೆ ಸೆರೆಯಾದ ಬೆಲ್ ಶಲೋರ್ ಕೂಡ ಪಿಸುಗುಡುತ್ತಾನೆ. ಕೇಳಿಸಿದ ದನಿ ಯಾರದೆಂದು ಭಕ್ತ ತಾನೇ ತೂಗಿ ನೋಡಬೇಕು. ಈ ಒಂದು ಏರ್ಪಾಟಿನಿಂದ ನೂರು ಕಥೆ ಹೆಣೆಯಬಹುದು.

ಈಗ ನಮ್ಮದೇ ಒಂದನ್ನು ಕಟ್ಟೋಣ. ಒಂದು ಕಣಿವೆ ನಾಡು. ಹೆಸರು ಹೇಳದೆ ಹೂತ ಹೆಣ ಅಲ್ಲಿ ತಿರುಗಿ ಏಳುತ್ತದೆ. ಅಪಾಯ ಇಷ್ಟೇ.

2. ನಂಬಿಕೆಯನ್ನು ಒಂದು ವಾಕ್ಯಕ್ಕೆ ಇಳಿಸಿ

ನಮ್ಮ ಚರ್ಚಿನ ವಾಕ್ಯ: ಹೆಸರಿಲ್ಲದೆ ಯಾರೂ ಮಣ್ಣಾಗಬಾರದು.

ಈಗ ಈ ವಾಕ್ಯವನ್ನು ಹಿಂಡಬೇಕು. 'ಯಾರೂ' ಎಂದರೆ ಶತ್ರು ಸೈನಿಕನೂ ಬಂದ, ನೇಣಿಗೇರಿದ ಕಳ್ಳನೂ ಬಂದ, ಹುಟ್ಟುತ್ತಲೇ ಸತ್ತ ಕೂಸೂ ಬಂತು. ಅಂದಮೇಲೆ ಯುದ್ಧ ಮುಗಿದ ಬಯಲಲ್ಲಿ ಎರಡೂ ಪಾಳೆಯದ ಹೆಣಗಳ ನಡುವೆ ಇವರು ಓಡಾಡುತ್ತಾರೆ. ಎರಡೂ ಕಡೆಯವರು ಇವರನ್ನು ಅನುಮಾನಿಸುತ್ತಾರೆ. ವಾಕ್ಯ ಸರಿಯಾಗಿದ್ದರೆ ಹೀಗೆ ತಾನಾಗಿ ಸಂಕಟಗಳನ್ನು ಹೆರುತ್ತದೆ. 'ಪ್ರೀತಿಯೇ ಬೆಳಕು' ಎಂಬಂಥ ವಾಕ್ಯದಿಂದ ಏನೂ ಹುಟ್ಟುವುದಿಲ್ಲ.

ಒಳಿತಿಗೂ ಹಲವು ಬಗೆಗಳಿವೆ ಎಂಬುದು ನೆನಪಿರಲಿ. ಇದೇ ಆಟದ ಇನ್ನೊಂದು ಕಲ್ಪಿತ ಲೋಕದ ಫೆರೂನ್ ಖಂಡದಲ್ಲಿ ಮೂವರು ಒಳ್ಳೆಯ ದೇವರು ಒಂದೇ ಕೂಟದಲ್ಲಿದ್ದಾರೆ. ಬಲಗೈ ಕಳೆದುಕೊಂಡ ಕುರುಡ ಟೈರ್ ನ್ಯಾಯದವನು, ಟಾರ್ಮ್ ಕರ್ತವ್ಯದವನು, ಇಲ್ಮೇಟರ್ ಪರರ ನೋವನ್ನು ತಾನು ಹೊರುವವನು. ಕದ್ದು ತಿಂದ ಹಸಿದ ಹುಡುಗನೊಬ್ಬನನ್ನು ಈ ಮೂವರ ಭಕ್ತರ ಮುಂದೆ ನಿಲ್ಲಿಸಿ ನೋಡಿ, ಮೂರು ತೀರ್ಪು ಬರುತ್ತವೆ. ನಿಮ್ಮ ಚರ್ಚಿನ ತೀರ್ಪು ಯಾವುದು?

3. ಕೆಲಸ ನೋಡಿ ಪಂಗಡ ಮಾಡಿ

ಬೆಳ್ಳಿಜ್ವಾಲೆಯಲ್ಲಿ ಮೂರು ಪಂಗಡ: ಊರಿನ ಗುಡಿ ನೋಡಿಕೊಳ್ಳುವ ಮಿನಿಸ್ಟರ್‌ಗಳು, ಕತ್ತಿ ಹಿಡಿಯುವ ಟೆಂಪ್ಲರ್‌ಗಳು, ಊರೂರು ತಿರುಗುವ ಫ್ರಯರ್‌ಗಳು. ಮೂರೂ ಹೆಸರು ಯುರೋಪಿನ ಕ್ರೈಸ್ತ ಇತಿಹಾಸದಿಂದ ಬಂದವು. ಆ ಇತಿಹಾಸದ ಒಂದು ಪುಟ ನಮಗೆ ಬಹಳ ಉಪಯುಕ್ತ. ಜೆರುಸಲೇಮಿನಲ್ಲಿ ಯಾತ್ರಿಕರ ಶುಶ್ರೂಷೆಗೆಂದು ಹುಟ್ಟಿದ ಹಾಸ್ಪಿಟಲರ್ ಸಂಘಕ್ಕೆ 1113ರಲ್ಲಿ ಪೋಪ್ ಮಾನ್ಯತೆ ಕೊಟ್ಟರು. ಮುಂದೆ ಅದೇ ಸಂಘ ಕೋಟೆ ಕಟ್ಟಿತು, ಸೈನ್ಯ ಸಾಕಿತು. ರೋಗಿಯನ್ನು ಕಾಯಲು ದಾರಿ ಕಾಯಬೇಕು, ದಾರಿ ಕಾಯಲು ಆಯುಧ ಬೇಕು. ಒಂದೊಂದು ಹೆಜ್ಜೆಗೂ ಅದರದೇ ನ್ಯಾಯವಿತ್ತು. ನಿಮ್ಮ ಚರ್ಚಿನ ಪಂಗಡಗಳೂ ಹೀಗೆ ಒಂದರ ಅಗತ್ಯದಿಂದ ಇನ್ನೊಂದಾಗಿ ಬೆಳೆಯಲಿ.

ನಮ್ಮ ಕಣಿವೆಯಲ್ಲಿ ಹೆಸರು ಬರೆದಿಡುವವರು ಪಟ್ಟಿಯವರು. ಅನಾಥ ಹೆಣದ ಗುರುತು ಪತ್ತೆ ಮಾಡಲು ಊರೂರು ಅಲೆಯುವವರು ಹುಡುಕುವವರು. ಹುಡುಕುವುದು ತಡವಾಗಿ ಎದ್ದುಬಿಟ್ಟ ಹೆಣಗಳನ್ನು ಎದುರಿಸುವವರು ಕಾವಲಿನವರು. ನಿಮ್ಮ ಪ್ಯಾಲಡಿನ್, ಅಂದರೆ ವ್ರತ ತೊಟ್ಟ ಧರ್ಮಯೋಧ, ಇಲ್ಲಿಂದ ಬರುತ್ತಾನೆ. ಕಾವಲಿನವರು ಸೋತ ಕಡೆಯಲ್ಲೆಲ್ಲ ತಪ್ಪು ಹುಡುಕುವವರದು ಎಂದು ಹೇಳುತ್ತಾರೆ. ಸಂಘದ ಒಳಜಗಳಕ್ಕೆ ಇಷ್ಟು ಸಾಕು.

ದುಡ್ಡಿನ ಮೂಲವನ್ನೂ ಬರೆದಿಡಿ. ಶ್ರೀಮಂತರು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೊರೆಸಲು ಕಾಣಿಕೆ ಕೊಡುತ್ತಾರೆ, ಬಡವರದು ಕಾಗದದಲ್ಲಿ ಉಳಿಯುತ್ತದೆ. ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ.

4. ತಲೆಯಾಳಿಗೆ ಒಂದು ಮಿತಿ ಹಾಕಿ

ಬೆಳ್ಳಿಜ್ವಾಲೆಯ ಪರಮಪೀಠದಲ್ಲಿ ಕೂತಿರುವುದು ಹನ್ನೊಂದು ವರ್ಷದ ಹುಡುಗಿ, ಜೇಲಾ ಡಾರನ್. ಥ್ರೇನ್ ದೇಶದ ಫ್ಲೇಮ್‌ಕೀಪ್ ನಗರದಲ್ಲಿ ಜ್ವಾಲೆಯ ಬಳಿ ಇರುವಷ್ಟು ಹೊತ್ತು ಅವಳು ಆಟದ ಲೆಕ್ಕದಲ್ಲಿ 18ನೇ ಹಂತದ ಕ್ಲೆರಿಕ್ (ಮಂತ್ರಶಕ್ತಿಯುಳ್ಳ ಪಾದ್ರಿ), ಅಲ್ಲಿಂದ ದೂರ ಸರಿದರೆ ಬರೀ 3ನೇ ಹಂತ. ಆಡಳಿತ ನಡೆಸುವುದು ಕಾರ್ಡಿನಲ್‌ಗಳ ಮಂಡಳಿ. ಪವಿತ್ರತೆ ಒಬ್ಬಳ ಕೈಯಲ್ಲಿ, ಖಜಾನೆಯೂ ಸೈನ್ಯವೂ ಇನ್ನೊಬ್ಬರ ಕೈಯಲ್ಲಿ.

ನಮ್ಮ ಚರ್ಚಿನ ಮುಖ್ಯಸ್ಥೆ ಪಟ್ಟಕ್ಕೇರುವ ದಿನ ತನ್ನ ಹೆಸರು ಬಿಟ್ಟುಕೊಡುತ್ತಾಳೆ. ಅವಳು ಸತ್ತಾಗ ಸಾರಬೇಕಾದ ಆ ಹೆಸರು ಗೊತ್ತಿರುವುದು ಪಟ್ಟಿಯವರಲ್ಲಿ ಅತಿ ಕಿರಿಯಳಿಗೆ ಮಾತ್ರ. ಆ ಕಿರಿಯಳನ್ನು ಯಾರಾದರೂ ಹೊತ್ತೊಯ್ದರೆ ಇಡೀ ಚರ್ಚ್ ನಡುಗುತ್ತದೆ.

5. ಒಂದು ಪಾಪ ಕೊಡಿ, ಅದಕ್ಕೆ ಒಳ್ಳೆಯ ಕಾರಣವನ್ನೂ ಕೊಡಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರಬೇಕಾದದ್ದು ಇಲ್ಲಿ. ಎಬೆರಾನ್‌ನಲ್ಲಿ ತೋಳಮಾನವರ ಪಿಡುಗು ಹಬ್ಬಿದಾಗ ಬೆಳ್ಳಿಜ್ವಾಲೆ ಆ ಲೋಕದ 832ನೇ ವರ್ಷದಲ್ಲಿ ಶುದ್ಧೀಕರಣ ಆರಂಭಿಸಿತು. ಪಿಡುಗು ನಿಜ, ಅಪಾಯ ನಿಜ, ಹೋರಾಡಿದವರ ಶೌರ್ಯವೂ ನಿಜ. ಆದರೆ ಸುಮಾರು ಅರ್ಧ ಶತಮಾನ ನಡೆದ ಆ ಬೇಟೆಯಲ್ಲಿ ನಿರಪರಾಧಿಗಳೂ ಸತ್ತರು. ಮೃಗದ ಛಾಯೆಯಿರುವ ಶಿಫ್ಟರ್ ಎಂಬ ಜನಾಂಗದವರನ್ನು ಬರೀ ರೂಪ ನೋಡಿ ಕೊಂದರು. ಈ ಕಲೆ ಇರುವುದರಿಂದಲೇ ಆ ಚರ್ಚಿನ ಒಳ್ಳೆಯತನ ನನಗೆ ನಂಬಿಕೆ ಹುಟ್ಟಿಸುತ್ತದೆ. ಅದರಲ್ಲಿ ನಾಚಿಕೆಪಡುವವರಿದ್ದಾರೆ, ಸಮರ್ಥಿಸುವವರೂ ಇದ್ದಾರೆ.

ನಮ್ಮ ಕಣಿವೆಯ ಪಾಪ ಇದು: ಒಬ್ಬ ಅರಸ ತನ್ನ ವಿರುದ್ಧ ದಂಗೆಯೆದ್ದ ಹಳ್ಳಿಯವರನ್ನು ಕೊಂದು, ಅವರ ಹೆಸರು ಸಾರಕೂಡದೆಂದು ಆಜ್ಞೆ ಮಾಡಿದ. ಮೀರಿದರೆ ಇಡೀ ಹೆಸರಿನ ಭಂಡಾರಕ್ಕೆ ಬೆಂಕಿ ಇಡುವುದಾಗಿ ಹೇಳಿದ. ಚರ್ಚ್ ಆ ಒಂದು ಹಳ್ಳಿಯನ್ನು ಬಿಟ್ಟುಕೊಟ್ಟು ಭಂಡಾರ ಉಳಿಸಿಕೊಂಡಿತು. ಆ ಹಳ್ಳಿಯ ಹೆಣಗಳು ಇನ್ನೂ ನಡೆಯುತ್ತಿವೆ. ಹಿರಿಯರು ಅದು ಸರಿಯಾಗಿತ್ತು ಎನ್ನುತ್ತಾರೆ. ಕಾವಲಿನ ಯುವಕರು ಆ ಹೆಸರುಗಳನ್ನು ಗುಟ್ಟಾಗಿ ಸಂಗ್ರಹಿಸುತ್ತಿದ್ದಾರೆ. ಯಾರನ್ನೂ ಖಳರನ್ನಾಗಿಸಬೇಡಿ.

ಇಲ್ಲೊಂದು ನಿಯಮದ ಮಾತು. ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2000ದ ಮೂರನೇ ಆವೃತ್ತಿಯಲ್ಲಿ ಕ್ಲೆರಿಕ್‌ನ ಅಲೈನ್‌ಮೆಂಟ್ ಕೋಷ್ಟಕದಲ್ಲಿ ಅವನ ದೇವರ ಮನೆಯಿಂದ ಒಂದು ಹೆಜ್ಜೆಗಿಂತ ಹೆಚ್ಚು ದೂರ ಇರುವಂತಿರಲಿಲ್ಲ. ಎಬೆರಾನ್ ಆ ಕಟ್ಟನ್ನು ಸಡಿಲಿಸಿತು. ಅಲ್ಲಿ ಕೆಟ್ಟ ಪಾದ್ರಿಗೂ ಮಂತ್ರ ಒಲಿಯುತ್ತದೆ. ನೀವೂ ಸಡಿಲಿಸಿ. ಮಂತ್ರ ಫಲಿಸಿತು ಎಂಬುದೇ ಸಜ್ಜನಿಕೆಯ ಪುರಾವೆಯಾದರೆ ಯಾರನ್ನು ನಂಬಬೇಕೆಂದು ಆಟಗಾರರು ಯೋಚಿಸುವುದೇ ಬೇಡವಾಗುತ್ತದೆ.

6. ದಿನಚರಿ

ಪ್ರಾರ್ಥನೆಯ ಹೊತ್ತು, ಹಬ್ಬ, ಮದುವೆ, ಸಾವು ಇವಕ್ಕೆ ತಲಾ ಒಂದು ಸಾಲು ಸಾಕು. ಊಟಕ್ಕೆ ಮಾತ್ರ ಹೆಚ್ಚು ಜಾಗ ಕೊಡಿ. ಸಿದ್ಧಗಂಗೆಯಲ್ಲೋ ಧರ್ಮಸ್ಥಳದಲ್ಲೋ ಪಂಕ್ತಿಯಲ್ಲಿ ಕೂತು ಉಂಡ ನಮ್ಮ ಆಟಗಾರರು, ಬಂದವರಿಗೆ ಅನ್ನ ಹಾಕದ ಧರ್ಮಪೀಠವನ್ನು ಒಳ್ಳೆಯದೆಂದು ಒಪ್ಪುವುದು ಕಷ್ಟ. ನಮ್ಮ ಚರ್ಚಿನಲ್ಲಿ ಉಣ್ಣುವ ಮೊದಲು ಅತಿಥಿ ತನಗೆ ಗೊತ್ತಿರುವ ಒಬ್ಬ ಸತ್ತವರ ಹೆಸರು ಹೇಳುತ್ತಾನೆ. ಅದೇ ಊಟದ ಬೆಲೆ.

7. ಮೊದಲ ಆಟ

ಇಷ್ಟೆಲ್ಲ ಬರೆದ ಮೇಲೆ ಅದನ್ನು ಆಟಗಾರರಿಗೆ ಓದಿ ಹೇಳುವ ಆಸೆ ಆಗುತ್ತದೆ. ಓದಬೇಡಿ. ಮೊದಲ ದಿನ ಅವರಿಗೆ ಒಂದು ಪಂಕ್ತಿಯ ಊಟ ಕೊಡಿ, ದಾರಿಯಲ್ಲಿ ಗುರುತಿಲ್ಲದ ಒಂದು ಹೆಣ ಕೊಡಿ, ಸೂರ್ಯ ಮುಳುಗಲು ಮೂರು ಗಂಟೆ ಉಳಿದಿರಲಿ. ಜೊತೆಗೆ ಬಂದ ಹುಡುಕುವವಳು ಸತ್ತವನ ಚಪ್ಪಲಿಯ ಹೊಲಿಗೆ ನೋಡಿ, ಇದು ಯಾವ ಊರಿನ ಕೆಲಸ ಎಂದು ಅವರನ್ನೇ ಕೇಳಲಿ. ಅರಸನ ಆಜ್ಞೆ, ಬಿಟ್ಟುಕೊಟ್ಟ ಹಳ್ಳಿ, ಗುಟ್ಟಿನ ಪಟ್ಟಿ ಇವು ನಾಲ್ಕನೆಯ ಐದನೆಯ ಆಟದವರೆಗೂ ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ. ಸತ್ತವನು ಆ ಹಳ್ಳಿಯವನೇ ಆಗಿದ್ದರಂತೂ ಅವರು ತಾವಾಗಿಯೇ ಅಲ್ಲಿಗೆ ಹೋಗಿ ನಿಲ್ಲುತ್ತಾರೆ.