ಭರತ–ಇಳಿತ ನೋಡಿಕೊಂಡು ಊರು ಸುತ್ತಿದ್ದು

ಉಷ್ಣವಲಯದ ಕಡಲತೀರದ ಊರೊಂದನ್ನು ಉದ್ದನೆಯ ರಜೆಯಲ್ಲಿ ಕಾಲ್ನಡಿಗೆಯಲ್ಲೇ ಸುತ್ತಬೇಕು ಎಂದು ನಿರ್ಧರಿಸಿದಾಗ, ನೋಡಬೇಕಾದ ಜಾಗಗಳ ಪಟ್ಟಿ ಮಾಡುವ ಗೋಜಿಗೆ ಹೋಗಲಿಲ್ಲ. ಮೊದಲು ಹುಡುಕಿದ್ದು ಅಲ್ಲಿನ ಭರತ–ಇಳಿತದ ವೇಳಾಪಟ್ಟಿ. ಯಾವ ಹೊತ್ತಿಗೆ ಎಲ್ಲಿ ನಡೆಯಬಹುದು ಎಂಬುದನ್ನು ಅಂಥ ಊರಿನಲ್ಲಿ ಬಿಸಿಲು, ನೀರು, ಗಾಳಿ ಈ ಮೂರೇ ತೀರ್ಮಾನಿಸುತ್ತವೆ ಎಂಬುದು ನನ್ನ ನಂಬಿಕೆ.

ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವೆ ವರ್ಷಕ್ಕೆ ಎರಡು ಸಲ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ದಿನಗಳ ಆಸುಪಾಸಿನಲ್ಲಿ ನಡುಹಗಲು ಗೋಡೆಯ ಪಕ್ಕದಲ್ಲೂ ನೆರಳು ಸಿಗುವುದಿಲ್ಲ. ಹಾಗಾಗಿ 11ರಿಂದ 3ರವರೆಗೆ ಹೊರಗೆ ಕಾಲಿಡುತ್ತಿರಲಿಲ್ಲ. ಬೆಳಿಗ್ಗೆ ದಕ್ಷಿಣೋತ್ತರ ಬೀದಿಗಳನ್ನು ಆರಿಸಿಕೊಂಡೆ. ಪೂರ್ವ ಬದಿಯ ಕಟ್ಟಡಗಳ ನೆರಳು ಆಗ ರಸ್ತೆಗೆ ಬೀಳುತ್ತದೆ, ಆ ಬದಿಗೇ ಅಂಟಿಕೊಂಡು ಹೋಗಬಹುದು. ಸಂಜೆಗೆ ಪಶ್ಚಿಮದ ಬದಿ. ಪೂರ್ವ–ಪಶ್ಚಿಮ ಬೀದಿಗಳಲ್ಲಿ ಎರಡು ಹೊತ್ತೂ ಬಿಸಿಲು ಉದ್ದಕ್ಕೂ ಬೀಳುವುದರಿಂದ, ಅವು ಒಂದು ಓಣಿಯಿಂದ ಇನ್ನೊಂದಕ್ಕೆ ಹೋಗಲಿಕ್ಕಷ್ಟೇ.

ಮಧ್ಯಾಹ್ನದ ನಂತರ ಗಾಳಿ ನೆರವಿಗೆ ಬರುತ್ತದೆ. ನೆಲ ಕಡಲಿಗಿಂತ ಬೇಗ ಕಾಯುತ್ತದೆ, ಅಲ್ಲಿನ ಬಿಸಿಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಕಡೆಯ ತಂಪುಗಾಳಿ ನುಗ್ಗುತ್ತದೆ. ಒಳಗಿನ ಓಣಿಗಳು ಬೇಯುವ ಹೊತ್ತಿಗೆ ದಂಡೆಯ ರಸ್ತೆ ಹಿತವಾಗಿರುತ್ತದೆ. ಗೊತ್ತಿಲ್ಲದ ಓಣಿಯಲ್ಲಿ ದಿಕ್ಕು ತಪ್ಪಿದಂತೆ ಅನಿಸಿದಾಗ ಗಾಳಿಗೆ ಮುಖ ಕೊಟ್ಟು ನಡೆದರೆ ಬಹಳ ಸಲ ಕಡಲೇ ಸಿಗುತ್ತದೆ.

ನಾನು ಹೆಚ್ಚು ಮನಸ್ಸಿಟ್ಟು ನಡೆದದ್ದು ದಂಡೆಯ ಮೇಲೆ. ಒಣ ಮರಳಿನಲ್ಲಿ ಕಾಲು ಹೂತು ಮೀನಖಂಡ ಬಿಗಿಯುತ್ತದೆ. ನೀರು ಆಗಷ್ಟೇ ಬಿಟ್ಟುಹೋದ ಒದ್ದೆ ಮರಳು ಗಟ್ಟಿ, ಮೈಲುಗಟ್ಟಲೆ ನಡೆದರೂ ದಣಿವಾಗದು. ಆದರೆ ಆ ಪಟ್ಟಿ ಸಿಗುವುದು ಇಳಿತದಲ್ಲಿ ಮಾತ್ರ. ಹೆಚ್ಚಿನ ತೀರಗಳಲ್ಲಿ ಒಂದು ಭರತಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷದ ಅಂತರ. ಇವತ್ತು ಬೆಳಿಗ್ಗೆ 6ಕ್ಕೆ ಇಳಿತವಾದರೆ ನಾಳೆ 6.50ರ ಹತ್ತಿರ, ವಾರ ಕಳೆಯುವಷ್ಟರಲ್ಲಿ ಅದೇ ಬೆಳಗಿನ 6ಕ್ಕೆ ಭರತ. ಎರಡು ದಿನಕ್ಕೆ ಬಂದು ಹೋಗುವವರಿಗೆ ದಂಡೆಯ ಒಂದೇ ರೂಪ ಕಾಣುತ್ತದೆ. ರಜೆ ಉದ್ದವಿದ್ದರೆ ಬೆಳಿಗ್ಗೆ ಓಡಾಡಿದ ಬಂಡೆಗಳೆಲ್ಲ ಅದೇ ಹೊತ್ತಿಗೆ ಮುಳುಗಿರುವುದನ್ನೂ ನೋಡಬಹುದು. ಅದಕ್ಕಾಗಿಯೇ ಒಂದೇ ದಾರಿಯನ್ನು ಮತ್ತೆ ಮತ್ತೆ ನಡೆದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ನೀರು ತುಂಬ ದೂರ ಸರಿಯುತ್ತದೆ, ಅಷ್ಟೇ ಮೇಲೂ ಬರುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಬಂಡೆಗಳ ನಡುವಿನ ಹೊಂಡಗಳಲ್ಲಿ ಏಡಿ, ಸಣ್ಣ ಮೀನು ನೋಡುವ ಆಸೆಯಿದ್ದರೆ ಹುಣ್ಣಿಮೆಯ ಹತ್ತಿರದ ದಿನಗಳನ್ನು ಬಿಡಬೇಡಿ.

ಭೂಶಿರ ಬಳಸಿ ಆಚೆಯ ದಂಡೆಗೆ ಹೋಗುವಾಗ ಮಾತ್ರ ನಾನು ತುಂಬ ಕಟ್ಟುನಿಟ್ಟು. ನೀರು ಇಳಿಯುತ್ತಿರುವಾಗಲೇ, ಪೂರ್ಣ ಇಳಿತಕ್ಕೆ ಎರಡು ಗಂಟೆ ಮುಂಚೆ ಹೊರಡುತ್ತಿದ್ದೆ. ಇಳಿತದ ಸಮಯವಾದೊಡನೆ, ಎಲ್ಲಿದ್ದರೂ ಸರಿ, ಹಿಂದಿರುಗುತ್ತಿದ್ದೆ. ಏರುವ ನೀರು ಮೊದಲು ತಗ್ಗಿನ ದಾರಿಯನ್ನು ತುಂಬುತ್ತದೆ. ನಿಂತ ಬಂಡೆ ಒಣಗಿದ್ದರೂ ಹಿಂದಿನ ದಾರಿ ಮುಚ್ಚಿರಬಹುದು. ಪಾಚಿ ಹಸಿರಾಗಿ ಹೊಳೆಯುವ ಕಲ್ಲಿನ ಮೇಲೆ ಕಾಲಿಡಲೇಬಾರದು. ದಂಡೆ ಕಡಲ ಕಡೆಗೆ ವಾಲಿರುವುದರಿಂದ ಒಂದೇ ದಿಕ್ಕಿಗೆ ದೂರ ನಡೆದರೆ ಒಂದು ಮೊಣಕಾಲಿಗೆ ನೋವು ಬರುತ್ತದೆ. ಹೋದ ದಾರಿಯಲ್ಲೇ ಮರಳಿದರೆ ಭಾರ ಸಮನಾಗುತ್ತದೆ.

ಮೋಡವಿದ್ದರೂ ಟೋಪಿ ಬೇಕು, ಅತಿನೇರಳೆ ಕಿರಣ ಮೋಡವನ್ನೂ ದಾಟುತ್ತದೆ, ಒಣ ಮರಳಿನಿಂದಲೂ ಒಂದಿಷ್ಟು ಪ್ರತಿಫಲಿಸುತ್ತದೆ. ತೇವದ ಹವೆಯಲ್ಲಿ ಬೆವರು ಬೇಗ ಆರುವುದಿಲ್ಲ, ಮೈ ಅಷ್ಟಾಗಿ ತಂಪಾಗುವುದಿಲ್ಲ, ಆದ್ದರಿಂದ ಬಾಯಾರುವವರೆಗೆ ಕಾಯದೆ ನೀರು ಕುಡಿಯುತ್ತಿದ್ದೆ.

ಸಂಜೆಯ ಲೆಕ್ಕವೂ ಬೇರೆ. ಈ ವಲಯದಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಕೆಳಗಿಳಿಯುತ್ತಾನೆ, ಮುಳುಗಿದ ಅರ್ಧ ಗಂಟೆಯೊಳಗೆ ದಾರಿ ಕಾಣದಷ್ಟು ಕತ್ತಲು. ಸೂರ್ಯಾಸ್ತ ನೋಡಬೇಕೆಂದರೆ ಬಂಡೆಗಳನ್ನು ಬಿಟ್ಟು, ರಸ್ತೆಗೆ ಮೆಟ್ಟಿಲಿರುವ ಕಡೆಯಲ್ಲೇ ಕೂರುತ್ತಿದ್ದೆ.