ಮ್ಯಾಡಿಸನ್‌ಗೆ ಬಂದವರೇ, ಆ ಗೇಟಿನಲ್ಲಿ ವಾಚ್‌ಮನ್ ಇಲ್ಲ

ಕೆಲಸದ ಮೇಲೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಈ ಮ್ಯಾಡಿಸನ್ ಊರಿಗೆ ಬರುವ ನಮ್ಮವರು ಬಹಳಷ್ಟು ಜನ, ಇಲ್ಲಿನ ವಿಶ್ವವಿದ್ಯಾಲಯಕ್ಕೂ ತಮಗೂ ಏನೂ ಸಂಬಂಧವಿಲ್ಲ ಎಂದುಕೊಂಡೇ ವರ್ಷಗಟ್ಟಲೆ ಇದ್ದುಬಿಡುತ್ತಾರೆ. ನಾನು ಎಂಟು ವರ್ಷ ಹಾಗೇ ಇದ್ದೆ. ಓದಿದ್ದು ಹಾಸನದಲ್ಲಿ, ಕೆಲಸ ಪಕ್ಕದೂರು ವೆರೋನಾ ಕಡೆಯ ಸಾಫ್ಟ್‌ವೇರ್ ಕಂಪನಿಯಲ್ಲಿ. ದಿನಾ ಯೂನಿವರ್ಸಿಟಿ ಅವೆನ್ಯೂದಲ್ಲಿ ಕಾರು ಓಡಿಸುತ್ತಿದ್ದೆ, ಒಂದು ದಿನವೂ ಇಳಿಯಲಿಲ್ಲ. ಕಾಲೇಜು ಅಂದರೆ ನಮ್ಮ ಮನಸ್ಸಿನಲ್ಲಿ ಮೊದಲು ಬರುವುದು ಗೇಟು, ಗೇಟಿನಲ್ಲಿ ವಾಚ್‌ಮನ್, "ಯಾರು ಬೇಕಾಗಿತ್ತು?" ಅನ್ನುವ ಪ್ರಶ್ನೆ. ಆ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳಲಿಲ್ಲ. ನನಗೆ ನಾನೇ ಕೇಳಿಕೊಂಡು ಹೊರಗೆ ನಿಂತೆ. ಆ ಎಂಟು ವರ್ಷದಲ್ಲಿ ಕಳಕೊಂಡದ್ದನ್ನು ನೀವು ಕಳಕೊಳ್ಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಬ್ಯಾಂಕು, ಡ್ರೈವಿಂಗ್ ಲೈಸೆನ್ಸು: ಇವೆಲ್ಲ ಮೊದಲ ತಿಂಗಳಲ್ಲಿ ಆಗುತ್ತವೆ, ಎಲ್ಲರೂ ಹೇಳಿಕೊಡುತ್ತಾರೆ. ಯಾರೂ ಹೇಳದ ಒಂದು ವಿಷಯವಿದೆ, ಅದು ಆಗಸ್ಟ್ 14.

ಸುಮಾರು ಎರಡೂಮುಕ್ಕಾಲು ಲಕ್ಷ ಜನರ ಊರಿನಲ್ಲಿ ವಿದ್ಯಾರ್ಥಿಗಳೇ 50,000ದ ಹತ್ತಿರ. ಹಾಗಾಗಿ ಕ್ಯಾಂಪಸ್ಸಿನ ಸುತ್ತಮುತ್ತ ಬಾಡಿಗೆ ಕರಾರುಗಳು ಬಹುಪಾಲು ಒಂದೇ ದಿನ ಮುಗಿಯುತ್ತವೆ. 14ರ ಮಧ್ಯಾಹ್ನ ಹಳೆ ಮನೆ ಬಿಡಬೇಕು, ಹೊಸ ಮನೆಯ ಬೀಗದ ಕೈ ಸಿಗುವುದು 15ಕ್ಕೆ. ನಡುವಿನ ರಾತ್ರಿ ನಿಮ್ಮ ಪಾಲಿಗೆ ಮನೆಯೇ ಇಲ್ಲ. 2008ರಲ್ಲಿ ನಾನು ಕರಾರನ್ನು ಸರಿಯಾಗಿ ಓದಿರಲಿಲ್ಲ. ಎರಡು ವರ್ಷದ ಮಗಳು, ಹೆಂಡತಿ, ಬಾಡಿಗೆ ಟ್ರಕ್ಕು, ಅದರಲ್ಲಿ ಗ್ರೈಂಡರು, ದೇವರ ಫೋಟೋ, ಅಕ್ಕಿ ಮೂಟೆ. ಯಾವ ಹೋಟೆಲಿನಲ್ಲೂ ರೂಮಿಲ್ಲ. ರಾತ್ರಿಯೆಲ್ಲ ಟ್ರಕ್ಕಿನ ಸೀಟಿನಲ್ಲಿ ಕೂತೇ ಕಳೆದೆವು. ರಸ್ತೆಯ ಇಕ್ಕೆಲದಲ್ಲಿ ವಿದ್ಯಾರ್ಥಿಗಳು ಬಿಟ್ಟುಹೋದ ಸೋಫಾ, ಮೇಜು, ದೀಪಗಳ ರಾಶಿ. ಮಗಳು ಅವನ್ನು ತೋರಿಸಿ ಇವರೆಲ್ಲ ಎಲ್ಲಿ ಹೋದರು ಅಂತ ಕೇಳುತ್ತಿದ್ದಳು. ಹೆಂಡತಿ ಆ ರಾತ್ರಿ ಒಂದು ಮಾತೂ ಆಡಲಿಲ್ಲ. ಕರಾರಿಗೆ ಸಹಿ ಹಾಕುವ ಮೊದಲು ಆ ಎರಡು ತಾರೀಖುಗಳನ್ನು ನೋಡಿ. ಇಲ್ಲವೇ ಕ್ಯಾಂಪಸ್ಸಿನಿಂದ ದೂರ ಮನೆ ಹಿಡಿಯಿರಿ.

ಇನ್ನೊಂದು, ಚಿಕ್ಕದು: ಪೂಜೆ, ಗೃಹಪ್ರವೇಶ ಇಟ್ಟುಕೊಳ್ಳುವಾಗ ಪಂಚಾಂಗದ ಜೊತೆಗೆ ವಿಶ್ವವಿದ್ಯಾಲಯದ ತಂಡ ಬ್ಯಾಜರ್ಸ್‌ನ ಫುಟ್‌ಬಾಲ್ ವೇಳಾಪಟ್ಟಿಯನ್ನೂ ನೋಡಿ. ಶನಿವಾರ ಇಲ್ಲಿ ಪಂದ್ಯವಿದ್ದರೆ ಕ್ಯಾಂಪ್ ರ್‍ಯಾಂಡಲ್ ಕ್ರೀಡಾಂಗಣಕ್ಕೆ 75,000ಕ್ಕೂ ಹೆಚ್ಚು ಜನ ಬರುತ್ತಾರೆ, ಆ ಭಾಗದಲ್ಲಿ ಕಾರು ಅಲುಗುವುದಿಲ್ಲ.

ಈಗ ಅಪ್ಪನ ವಿಷಯ.

ಅಪ್ಪ ನಮ್ಮ ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ 26 ವರ್ಷ ಕಾರ್ಯದರ್ಶಿಯಾಗಿದ್ದವರು. ಬೆಳಿಗ್ಗೆ ಐದೂವರೆಗೆ ಡೇರಿ ಬಾಗಿಲು ತೆಗೆದು ಸ್ಯಾಂಪಲ್ ತೆಗೆದು, ಲ್ಯಾಕ್ಟೋಮೀಟರ್ ಬಿಟ್ಟು, ಫ್ಯಾಟ್ ನೋಡುವುದು. ಆ್ಯಸಿಡ್ ಸಿಡಿದು ಅವರ ಅಂಗಿಗಳಲ್ಲೆಲ್ಲ ಸಣ್ಣಸಣ್ಣ ತೂತು. "ಫ್ಯಾಟು ಸುಳ್ಳು ಹೇಳಲ್ಲ, ಗೌಡ ಆದ್ರೂ ಅಷ್ಟೆ, ಗಂಗಮ್ಮ ಆದ್ರೂ ಅಷ್ಟೆ" ಅನ್ನುವುದು ಅವರ ಮಾತು. 2012ರ ನವೆಂಬರಿನಲ್ಲಿ ಬಂದು ಏಪ್ರಿಲ್‌ವರೆಗೆ ನಮ್ಮ ಜೊತೆ ಇದ್ದರು. ಬರಬಾರದ ಕಾಲ ಅದು. ನಾವಿಬ್ಬರೂ ಕೆಲಸಕ್ಕೆ, ಮಗಳು ಶಾಲೆಗೆ. ಅಪ್ಪ ಸ್ವೆಟರು, ಮಫ್ಲರು ಹಾಕಿಕೊಂಡು ಕಿಟಕಿ ಪಕ್ಕ ಕೂತು ಹಿಮ ನೋಡುತ್ತಿದ್ದರು. "ಇಲ್ಲಿ ದನ ಕಾಣಂಗಿಲ್ವಲ್ಲೋ" ಅಂತ ಎರಡು ಸಲ ಕೇಳಿದರು. ಹಳ್ಳಿ ಕಡೆ ಇವೆ, ಬೇಸಿಗೆಯಲ್ಲಿ ಹೋಗೋಣ ಅಂದೆ. ಬೇಸಿಗೆ ಬರುವ ಮೊದಲು ಅವರು ಊರಿಗೆ ಹೊರಟರು. 2014ರಲ್ಲಿ ತೀರಿಕೊಂಡರು.

ಮರುವರ್ಷ ಮಗಳು ನಾಲ್ಕನೇ ತರಗತಿ. ಇಲ್ಲಿ ಆ ತರಗತಿಯಲ್ಲಿ ರಾಜ್ಯದ ಚರಿತ್ರೆ ಕಲಿಸುತ್ತಾರೆ. ಒಂದು ಸಂಜೆ ಶಾಲೆಯ ಪ್ರವಾಸದಿಂದ ಬಂದವಳು, "ಅಪ್ಪಾ, ತಾತ ಮಾಡ್ತಿದ್ದ ಟೆಸ್ಟ್ ಇದ್ಯಲ್ಲಾ, ಅದನ್ನ ಇಲ್ಲೇ ಕಂಡುಹಿಡಿದಿದ್ದು" ಅಂದಳು.

ಹಾಲಿನ ಬೆಲೆ ತೂಕದ ಮೇಲೆ ಕಟ್ಟುತ್ತಿದ್ದ ಕಾಲದಲ್ಲಿ ನೀರು ಬೆರೆಸಿದವನಿಗೂ, ಕೆನೆ ತೆಗೆದವನಿಗೂ, ಗಟ್ಟಿ ಹಾಲು ಕೊಟ್ಟವನಿಗೂ ಒಂದೇ ದುಡ್ಡು. 1890ರಲ್ಲಿ ಈ ವಿಶ್ವವಿದ್ಯಾಲಯದ ಸ್ಟೀಫನ್ ಬಾಬ್‌ಕಾಕ್ ಹಾಲಿಗೆ ಸಲ್ಫ್ಯೂರಿಕ್ ಆ್ಯಸಿಡ್ ಬೆರೆಸಿ, ಗಿರ್ರನೆ ತಿರುಗಿಸಿ, ಸೀಸೆಯ ಕತ್ತಿನಲ್ಲಿ ಮೇಲೆ ಬಂದ ಕೊಬ್ಬನ್ನು ಗೆರೆ ನೋಡಿ ಅಳೆಯುವ ಸರಳ ವಿಧಾನ ಕೊಟ್ಟರು. ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಊರೂರಿನ ಡೇರಿಗಳು ಒಂದು ಕಾಸೂ ಕೊಡದೆ ಬಳಸಿದವು. ಅಪ್ಪ ಮಾಡುತ್ತಿದ್ದುದು ಗರ್ಬರ್ ಪದ್ಧತಿ, ಅದು ಯುರೋಪಿನದು. ಆದರೆ ಎರಡರ ತತ್ವವೂ ಒಂದೇ, ನ್ಯಾಯವೂ ಒಂದೇ. ಬಾಬ್‌ಕಾಕ್ ಹೆಸರಿನ ಕಟ್ಟಡ ನಮ್ಮ ಮನೆಯಿಂದ ಹತ್ತು ನಿಮಿಷ. ಹತ್ತಿರದಲ್ಲೇ, ಕ್ಯಾಂಪಸ್ಸಿನ ಒಳಗೇ, ಹಸುಗಳ ಕೊಟ್ಟಿಗೆ ಇದೆ. ಅಪ್ಪ ಐದು ತಿಂಗಳು ಕಿಟಕಿ ನೋಡಿಕೊಂಡು ಕೂತಿದ್ದರು. ಹಸುಗಳು ಹತ್ತು ನಿಮಿಷದ ದಾರಿಯಲ್ಲಿದ್ದವು.

ಜಿ.ಕೆ.ವಿ.ಕೆ.ಯ ಕೃಷಿ ಮೇಳಕ್ಕೆ ತಪ್ಪದೆ ಹೋಗುತ್ತಿದ್ದ ಮನುಷ್ಯ ಅವರು. ಬೆಂಗಳೂರಿನ ಆ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದದ್ದೂ ಅಮೆರಿಕದ ಲ್ಯಾಂಡ್ ಗ್ರ್ಯಾಂಟ್ ಮಾದರಿಯಲ್ಲಿ, ಟೆನ್ನೆಸ್ಸೀ ವಿಶ್ವವಿದ್ಯಾಲಯದ ನೆರವಿನಿಂದ. ಪಾಠ, ಸಂಶೋಧನೆ, ರೈತನ ಹೊಲಕ್ಕೆ ಹೋಗಿ ಹೇಳಿಕೊಡುವುದು, ಮೂರೂ ಒಂದೇ ಸಂಸ್ಥೆಯ ಕೆಲಸ ಅನ್ನುವ ಮಾದರಿ ಅದು. ವಿಸ್ಕಾನ್ಸಿನ್‌ನಲ್ಲಿ ಇದನ್ನು 'ವಿಸ್ಕಾನ್ಸಿನ್ ಐಡಿಯಾ' ಅನ್ನುತ್ತಾರೆ. 1903ರಿಂದ 1918ರವರೆಗೆ ಇಲ್ಲಿನ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ವ್ಯಾನ್ ಹೈಸ್, ರಾಜ್ಯದ ಪ್ರತಿಯೊಂದು ಮನೆಗೂ ವಿಶ್ವವಿದ್ಯಾಲಯದ ಪ್ರಯೋಜನ ಮುಟ್ಟುವ ತನಕ ತನಗೆ ಸಮಾಧಾನವಿಲ್ಲ ಎಂದವರು. ಬಾಡಿಗೆ ಮನೆಯೂ ಮನೆಯೇ. ನಿಮ್ಮದೂ ಆ ಲೆಕ್ಕದಲ್ಲಿದೆ.

ಊರಿನಲ್ಲಿ ಯಾರಾದರೂ ಹೃದಯದ ಕವಾಟ ಬದಲಾಯಿಸಿಕೊಂಡು ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ನುಂಗುತ್ತಿದ್ದರೆ ಅವರಿಗೂ ಈ ಕಥೆ ಹೇಳಿ. 1933ರ ಚಳಿಗಾಲದಲ್ಲಿ ಎಡ್ ಕಾರ್ಲ್‌ಸನ್ ಎಂಬ ರೈತ ಸತ್ತ ಕಡಸು, ಹೆಪ್ಪುಗಟ್ಟದ ಅದರ ರಕ್ತ ತುಂಬಿದ ಹಾಲಿನ ಕ್ಯಾನು, ಕೆಟ್ಟ ಸ್ವೀಟ್ ಕ್ಲೋವರ್ ಹುಲ್ಲು ಹೇರಿಕೊಂಡು ಹಿಮಗಾಳಿಯಲ್ಲಿ ಡೀರ್ ಪಾರ್ಕ್ ಎಂಬ ದೂರದ ಊರಿನಿಂದ ಮ್ಯಾಡಿಸನ್‌ವರೆಗೆ ಬಂದ. ವಿಶ್ವವಿದ್ಯಾಲಯದ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯ ಬಾಗಿಲು ತೆಗೆಯಿತು. ಆ ಹುಲ್ಲಿನಲ್ಲಿದ್ದ ವಸ್ತುವಿನ ಬೆನ್ನುಹತ್ತಿ ಹೋದದ್ದರಿಂದಲೇ ವಾರ್ಫರಿನ್ ಸಿಕ್ಕಿತು. ಆ ಹೆಸರಿನ ಮೊದಲರ್ಧ, ಸಂಶೋಧನೆಗೆ ದುಡ್ಡು ಕೊಟ್ಟ ಇಲ್ಲಿನ ಹಳೆ ವಿದ್ಯಾರ್ಥಿಗಳ ಪ್ರತಿಷ್ಠಾನ ವಾರ್ಫ್‌ನದು. ಹಸು ಸತ್ತ ರೈತ ಅಷ್ಟು ದೂರದಿಂದ ಬಂದು ಆ ಬಾಗಿಲು ತಟ್ಟಿದ. ನನಗೆ ಹತ್ತು ನಿಮಿಷ ದೂರವಾಯಿತು.

ತೋಟದ ಮಾತು. ಯುಗಾದಿ ಆಯಿತಲ್ಲ ಅಂತ ಏಪ್ರಿಲ್‌ನಲ್ಲೇ ಅವರೆ, ಹೀರೆ ಬೀಜ ಹಾಕಬೇಡಿ. ಮೇ ಎರಡನೇ ವಾರ ಕಳೆಯುವವರೆಗೂ ಇಬ್ಬನಿ ಹೆಪ್ಪುಗಟ್ಟಿ ಸಸಿ ಸುಟ್ಟುಹೋಗುತ್ತದೆ. ಮೂರು ವರ್ಷ ನನ್ನ ಸಸಿಗಳು ಹಾಗೇ ಹೋದವು. ನಾಲ್ಕನೇ ವರ್ಷ ಅಕ್ಟೋಬರಿನಲ್ಲಿ ಒಂದು ರಾತ್ರಿ ಹೊರಗೆ ಮರೆತ ಕರಿಬೇವು ಹೋಯಿತು. ಅತ್ತೆ ಬೀಜದಿಂದ ಬೆಳೆಸಿಕೊಟ್ಟ ಗಿಡ ಅದು. ರಾಜ್ಯದ 72 ಕೌಂಟಿಗಳಿಗೂ, ಅಂದರೆ ಜಿಲ್ಲೆಗಳಿಗೂ, ವಿಶ್ವವಿದ್ಯಾಲಯದ ಎಕ್ಸ್‌ಟೆನ್ಷನ್ (ವಿಸ್ತರಣಾ) ಸೇವೆ ಇದೆ ಅಂತ ಆಮೇಲೆ ಗೊತ್ತಾಯಿತು. ಮಣ್ಣು ಪರೀಕ್ಷೆ ಮಾಡುತ್ತಾರೆ, ಹುಳದ ಫೋಟೋ ಕಳಿಸಿದರೆ ಯಾವ ಹುಳ ಅಂತ ಹೇಳುತ್ತಾರೆ. ಬೆಂಡೆಯ ರೋಗ ಕೇಳಲು ಹೋದಾಗ ಅಲ್ಲಿದ್ದ ಹೆಂಗಸು ಅವರೆಯ ಬಗ್ಗೆ ಅರ್ಧ ಗಂಟೆ ನನ್ನನ್ನೇ ಕೇಳಿ ಬರೆದುಕೊಂಡರು. ಈ ದೇಶದಲ್ಲಿ ನನಗೆ ಗೊತ್ತಿರುವುದನ್ನು ಯಾರೋ ಬರೆದುಕೊಂಡದ್ದು ಅದೇ ಮೊದಲು.

ಮಕ್ಕಳಿರುವವರಿಗೆ: ಫೆಬ್ರವರಿಯಲ್ಲಿ 'ವಂಡರ್ಸ್ ಆಫ್ ಫಿಸಿಕ್ಸ್' ಪ್ರದರ್ಶನ, 1984ರಿಂದ ನಡೆದುಬಂದಿದೆ. ಭೂವಿಜ್ಞಾನ ಮ್ಯೂಸಿಯಂ ಉಚಿತ. ಬುಧವಾರ ರಾತ್ರಿ ವಿಜ್ಞಾನಿಗಳ ಉಪನ್ಯಾಸಗಳಿವೆ, ಯಾರು ಬೇಕಾದರೂ ಕೂರಬಹುದು. ಇಲ್ಲೇ ನೆಲೆಸಿದ 60 ದಾಟಿದ ಹಿರಿಯರು ಫೀಸಿಲ್ಲದೆ ತರಗತಿಗಳಲ್ಲಿ ಕೂತು ಕೇಳಬಹುದು. ಪ್ರವಾಸದ ವೀಸಾದಲ್ಲಿ ಬಂದವರಿಗೆ ಇದು ಇಲ್ಲ.

ವಿಶ್ವವಿದ್ಯಾಲಯದ ಸಸ್ಯವನ ಆರ್ಬೊರೀಟಮ್‌ಗೆ ತಿಂಗಳಿಗೊಮ್ಮೆಯಾದರೂ ಹೋಗಿ. ಉಳುಮೆಯಾಗಿ ಬರಡಾದ ಹೊಲದಲ್ಲಿ 1930ರ ದಶಕದಿಂದ ಹಳೆಯ ಹುಲ್ಲುಗಾವಲನ್ನು ಮತ್ತೆ ಬೆಳೆಸಿದ್ದಾರೆ. ಮಗಳು ಅಲ್ಲಿನ ಒಂದೊಂದು ಹುಲ್ಲನ್ನೂ ಹೆಸರು ಹಿಡಿದು ಕರೆಯುತ್ತಾಳೆ. ಗರಿಕೆ, ತುಂಬೆ, ಲಕ್ಕಿ, ಎಕ್ಕ ಇವು ಅವಳಿಗೆ ಗೊತ್ತಿಲ್ಲ. ಆ ಹೆಸರುಗಳನ್ನು ಹೇಳಿಕೊಡಬಲ್ಲ ಮನುಷ್ಯ ಐದು ತಿಂಗಳು ಮನೆಯಲ್ಲೇ ಇದ್ದರು. ಅವರಿಬ್ಬರನ್ನೂ ಒಟ್ಟಿಗೆ ಒಂದು ಹುಲ್ಲಿನ ಮುಂದೆ ನಿಲ್ಲಿಸಲು ನನಗೆ ಹೊಳೆಯಲಿಲ್ಲ. ಕನ್ನಡ ಮನೆಯಲ್ಲಿ ಮಾತಾಡಿದರೆ ಸಾಕು ಅಂದುಕೊಂಡಿದ್ದೆ. ಮನೆಯೊಳಗಿನ ಕನ್ನಡದಲ್ಲಿ ಊಟ, ಸ್ನಾನ, ಬೈಗುಳ ಇರುತ್ತವೆ. ಗಿಡ, ಹಕ್ಕಿ, ಮೋಡ ಇರುವುದಿಲ್ಲ.

ವಿಶ್ವವಿದ್ಯಾಲಯದ ಮೆಮೋರಿಯಲ್ ಲೈಬ್ರರಿಯಲ್ಲಿ ಕನ್ನಡ ಪುಸ್ತಕಗಳಿವೆ. ಅಮೆರಿಕದಿಂದ ತರಿಸಿಕೊಂಡ ಗೋಧಿಗೆ ಭಾರತ ಕೊಟ್ಟ ರೂಪಾಯಿಯಲ್ಲಿ ಒಂದು ಪಾಲು ತೆಗೆದು 1962ರಿಂದ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ಹಲವು ವಿಶ್ವವಿದ್ಯಾಲಯಗಳಿಗೆ ಕಳಿಸುತ್ತಿದ್ದರು. ಮ್ಯಾಡಿಸನ್ ಅವುಗಳಲ್ಲೊಂದು. ಗುರುತಿನ ಚೀಟಿ ಹಿಡಿದು ಹೋಗಿ. ಹಸಿದ ಕಾಲದ ಗೋಧಿ ತಂದುಕೊಟ್ಟ ಪುಸ್ತಕಗಳು ಅವು. ಮೊದಲ ಸಲ ಆ ಕಪಾಟಿನ ಮುಂದೆ ನಿಂತಾಗ ನನಗೆ ಓದಲು ಆಗಲಿಲ್ಲ, ಬೆನ್ನ ಮೇಲಿನ ಅಕ್ಷರಗಳನ್ನು ಮುಟ್ಟಿ ನೋಡಿ ಬಂದೆ.

ಈ ನೆಲ ಇಲ್ಲಿನ ಮೂಲನಿವಾಸಿಗಳಾದ ಹೋ-ಚಂಕ್ ಜನರದು. ನಾಲ್ಕು ಸರೋವರದ ಈ ಸೀಮೆಯನ್ನು ಅವರು ಡೇಜೋಪ್ ಅನ್ನುತ್ತಾರೆ. 1832ರ ಒಪ್ಪಂದದಲ್ಲಿ ಬಲವಂತವಾಗಿ ಬಿಟ್ಟುಕೊಟ್ಟು, ಓಡಿಸಿದಷ್ಟು ಸಲವೂ ತಿರುಗಿ ಬಂದರು. ಕ್ಯಾಂಪಸ್ಸಿನಲ್ಲಿ ಹಕ್ಕಿಯ ಆಕಾರದ ಮಣ್ಣಿನ ದಿಬ್ಬಗಳಿವೆ, ಅವರ ಪೂರ್ವಿಕರು ಕಟ್ಟಿದ್ದು. ಅವುಗಳ ಮೇಲೆ ಹತ್ತಬೇಡಿ, ಮಕ್ಕಳಿಗೂ ಹೇಳಿ. ನಮ್ಮೂರಿನ ವೀರಗಲ್ಲಿನ ಮುಂದೆ ಚಪ್ಪಲಿ ಬಿಡುವ ಹಾಗೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ಆಗಸ್ಟ್ 14ರ ರಾತ್ರಿಗೆ ಜಾಗವಿಲ್ಲದವರು ನಮ್ಮ ಮನೆಗೆ ಬನ್ನಿ, ನೆಲಮಾಳಿಗೆಯಲ್ಲಿ ಎರಡು ಹಾಸಿಗೆ ಇದೆ. ಊರಿನಿಂದ ಅಪ್ಪ ಅಮ್ಮ ಬರುತ್ತಾರೆ ಅಂದರೆ ಟಿಕೆಟ್ ತೆಗೆಯುವ ಮೊದಲೇ ಹೇಳಿ, ಮೇ ತಿಂಗಳಿಗೆ ಕರೆಸಿಕೊಳ್ಳಿ. ನೀವು ಕೆಲಸಕ್ಕೆ ಹೋಗುವವರು ಹೋಗಿ. ಹಸುಗಳ ಹತ್ತಿರ ಅವರನ್ನು ನಾನು ಕರಕೊಂಡು ಹೋಗುತ್ತೇನೆ.